ರನ್‌ವೇ ಮುಗಿದ ಮೇಲೆ ಎಂತ ಉಂಟು?

ನಿಮ್ಮ ಮಂಗಳೂರು ಏರ್‌ಪೋರ್ಟ್ ಹೇಗುಂಟು ಅಂತ ಬೇರೆ ಊರಿನ ಕ್ಲಾಸ್‌ಮೇಟ್ ಯಾರಾದರೂ ಕೇಳಿದರೆ ನಾವು ಹೇಳುವುದು ಎರಡೋ ಮೂರೋ ವಿಷಯ. ಚಿಕ್ಕದು, ಆದರೆ ನೀಟಾಗಿದೆ. ಒಳಗೆ ಕಾಫಿಗೆ ವಿಪರೀತ ರೇಟು. ಲ್ಯಾಂಡಿಂಗ್ ಆಗುವಾಗ ಕಿಟಕಿ ಸೀಟು ಸಿಕ್ಕಿದರೆ ನೋಡಬೇಕು ಮಾರಾಯ, ಗುಡ್ಡ, ತೋಟ, ಹೊಳೆ, ಸೂಪರ್ ವ್ಯೂ. ಊರಿನವರೇ ಸೇರಿ ಮಾತಾಡುವಾಗ ಚರ್ಚೆ ಹೆಸರಿನ ಕಡೆ ಹೋಗುತ್ತದೆ. ಕೋಟಿ-ಚೆನ್ನಯರ ಹೆಸರಿಡಬೇಕೋ, ರಾಣಿ ಅಬ್ಬಕ್ಕನ ಹೆಸರೋ ಅಂತ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಯಾರದ್ದಿಟ್ಟರೂ ಸಂತೋಷವೇ. ಆದರೆ ಈ ಎಲ್ಲ ಮಾತಿನ ನಡುವೆ ಒಂದು ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ: ರನ್‌ವೇ ಮುಗಿದ ಮೇಲೆ ಎಂತ ಉಂಟು?

ಒಂದು ವಿಮಾನ ನಿಲ್ದಾಣದ ಸೌಲಭ್ಯ ಎಂದರೆ ಪ್ರಯಾಣಿಕರ ಕಣ್ಣಿಗೆ ಬೀಳುವ ಗಾಜಿನ ಗೋಡೆ, ಏರೋಬ್ರಿಜ್, ಅಂಗಡಿ ಸಾಲು ಮಾತ್ರ ಅಲ್ಲ. ಕಣ್ಣಿಗೆ ಬೀಳದ ಸೌಲಭ್ಯಗಳು ಅದಕ್ಕಿಂತ ದೊಡ್ಡವು. ಅವುಗಳ ಲೆಕ್ಕವನ್ನು ಪ್ರತಿ ವರ್ಷ ಊರಿನವರ ಮುಂದೆ ಇಡಬೇಕು, ಆ ಲೆಕ್ಕ ಕೇಳುವವರಲ್ಲಿ ಇಂಜಿನಿಯರಿಂಗ್ ಓದುವ ನಾವು ಮುಂದೆ ನಿಲ್ಲಬೇಕು ಎನ್ನುವುದು ನನ್ನ ವಾದ. ಏಕೆಂದರೆ ಈ ಏರ್‌ಪೋರ್ಟಿನ ಚರಿತ್ರೆಯನ್ನು ಸರಿಯಾಗಿ ಓದಿದರೆ ಅದು ಟರ್ಮಿನಲ್‌ಗಳ ಚರಿತ್ರೆಗಿಂತ ಹೆಚ್ಚಾಗಿ ರನ್‌ವೇಯ ತುದಿಗಳ ಚರಿತ್ರೆ.

ಗುಡ್ಡದ ಮೇಲೊಂದು ಮೇಜು

ಕೊಟ್ಟಾರ ಚೌಕಿಯಿಂದ ಕೂಳೂರು, ಕಾವೂರು ದಾಟಿ, ಮರವೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆ ದಾಟಿದರೆ ರಸ್ತೆ ಏರತೊಡಗುತ್ತದೆ. ಕೆಂಜಾರು, ಬಜ್ಪೆಯ ಮುರಕಲ್ಲಿನ ಗುಡ್ಡಗಳು ಅವು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ಕರಾವಳಿಯಲ್ಲಿ ಸಪಾಟು ಜಾಗ ಬೇಕೆಂದರೆ ಒಂದೋ ಗದ್ದೆ, ಇಲ್ಲವೇ ಇಂಥ ಗುಡ್ಡದ ತಲೆ. ಇಲ್ಲಿ ಆರಿಸಿಕೊಂಡದ್ದು ಗುಡ್ಡದ ತಲೆಯನ್ನು.

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದರು. ಬಜ್ಪೆ ವಿಮಾನ ನಿಲ್ದಾಣ ಶುರುವಾದದ್ದು ಹಾಗೆ. ಆಗಿನ್ನೂ ಮಂಗಳೂರು ಮದ್ರಾಸ್ ರಾಜ್ಯದಲ್ಲಿತ್ತು. ರನ್‌ವೇಯ ಉದ್ದ 1615 ಮೀಟರ್. ಡಿಸಿ-3ಗೆ ಅದು ಧಾರಾಳ ಸಾಕು. ತೊಂದರೆ ಶುರುವಾದದ್ದು ಆಮೇಲೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಒಂದು ಆವ್ರೋ ಎಚ್‌ಎಸ್-748 ಇದೇ ರನ್‌ವೇಯಲ್ಲಿ ನಿಲ್ಲಲಾಗದೆ ತುದಿ ದಾಟಿ ಹೋಯಿತು. ಪ್ರಾಣಹಾನಿ ಆಗಲಿಲ್ಲ. ಈ ಗುಡ್ಡ ಕೊಟ್ಟ ಮೊದಲ ದೊಡ್ಡ ಎಚ್ಚರಿಕೆ ಅದು.

ಆಮೇಲಿನ ಕಾಲು ಶತಮಾನ ನಮ್ಮ ಜಿಲ್ಲೆಯವರಿಗೆ ಗಲ್ಫ್ ಎಂದರೆ ಮೊದಲು ಮುಂಬೈ. ಬಸ್ಸಿನಲ್ಲೋ ರೈಲಿನಲ್ಲೋ ಮುಂಬೈಗೆ ಹೋಗಿ, ಅಲ್ಲಿಂದ ವಿಮಾನ ಹತ್ತಬೇಕಿತ್ತು. ದೊಡ್ಡ ರನ್‌ವೇ ಬೇಕೆಂಬ ಬೇಡಿಕೆಯ ಹಿಂದೆ ಇದ್ದದ್ದು ಈ ಸಾವಿರಾರು ಮನೆಗಳ ನಿಜವಾದ ಕಷ್ಟ. ಅದೇ ಹೊತ್ತಿಗೆ ಇನ್ನೊಂದು ದನಿಯೂ ಇತ್ತು. ಸುತ್ತ ಕಣಿವೆ ಇರುವ ಈ ಜಾಗದಲ್ಲಿ ಎರಡನೇ ರನ್‌ವೇ ಮಾಡಿದರೆ ಸ್ವಲ್ಪ ಎಡವಟ್ಟಾದರೂ ಸಾವರಿಸಿಕೊಳ್ಳಲು ಜಾಗ ಇರುವುದಿಲ್ಲ ಎಂದು ಸ್ಥಳೀಯರ ಒಂದು ವಿರೋಧಿ ಸಮಿತಿ ಮತ್ತು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟಿಗೆ ಹೋದವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯೋಜನೆ ನಿಲ್ಲಲಿಲ್ಲ.

2006ರ ಮೇ 10ರಂದು 2450 ಮೀಟರ್ ಉದ್ದದ ಹೊಸ ಕಾಂಕ್ರೀಟ್ ರನ್‌ವೇ ತೆರೆಯಿತು. ಗುಡ್ಡ ಕಡಿದು, ತಗ್ಗು ತುಂಬಿಸಿ ಮಾಡಿದ ರನ್‌ವೇ. ಅದೇ ವರ್ಷ ದುಬೈಗೆ ನೇರ ವಿಮಾನವೂ ಹಾರಿತು. ಬೇಡಿಕೆ ಸರಿಯೇ ಇತ್ತು, ಸಿಕ್ಕಿದ್ದೂ ದೊಡ್ಡದೇ. ಆದರೆ ಆಕ್ಷೇಪ ಎತ್ತಿದವರೂ ಸುಮ್ಮನೆ ತಕರಾರು ತೆಗೆದವರಾಗಿರಲಿಲ್ಲ. ಅಭಿವೃದ್ಧಿ ಬೇಕು ಎನ್ನುವವರನ್ನು ಒಂದು ಕಡೆ, ಬೇಡ ಎನ್ನುವವರನ್ನು ಇನ್ನೊಂದು ಕಡೆ ನಿಲ್ಲಿಸಿ ಚರ್ಚೆ ಮುಗಿಸುವುದು ನಮಗೆ ಅಭ್ಯಾಸ. ಹಾಗೆ ಮಾಡಿದಾಗ "ಸರಿ, ಮಾಡುವುದಾದರೆ ಹೇಗೆ ಮಾಡಬೇಕು?" ಎಂಬ ಇಂಜಿನಿಯರಿಂಗ್ ಪ್ರಶ್ನೆ ಮಧ್ಯದಲ್ಲಿ ಬಿದ್ದುಹೋಗುತ್ತದೆ.

ಮೇ 15, ಮೇ 20, ಮೇ 22

2010ರ ಮೇ ತಿಂಗಳ ಮೂರು ತಾರೀಕುಗಳನ್ನು ಒಟ್ಟಿಗೆ ಇಟ್ಟು ನೋಡಿ.

ಮೇ 15ರಂದು ಕೆಂಜಾರಿನ ಬದಿಯಲ್ಲಿ ಕಟ್ಟಿದ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಕೇಂದ್ರ ವಿಮಾನಯಾನ ಸಚಿವ ಪ್ರಫುಲ್ ಪಟೇಲ್ ಬಂದಿದ್ದರು. ಊರಿಗೆಲ್ಲ ಸಂಭ್ರಮ. ಬಜ್ಪೆ ಬದಿಯ ಹಳೆ ಟರ್ಮಿನಲ್ ನೋಡಿದವರಿಗೆ ಇದು ಅರಮನೆಯೇ.

ಮೇ 20ರಿಂದ ಮಂಗಳೂರಿನ ರೇಡಾರ್ ಕೆಟ್ಟು ಕೆಲಸ ನಿಲ್ಲಿಸಿತ್ತು. ಇದು ಯಾರ ಕಣ್ಣಿಗೂ ಬೀಳುವ ಸುದ್ದಿ ಅಲ್ಲ. ಪೈಲಟ್‌ಗಳಿಗೆ ಹೋಗುವ ಸೂಚನೆಯಲ್ಲಿ ಒಂದು ಸಾಲು, ಅಷ್ಟೇ.

ಮೇ 22ರ ಬೆಳಿಗ್ಗೆ ಆರು ಗಂಟೆ ದಾಟಿ ಕೆಲವೇ ನಿಮಿಷ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ರನ್‌ವೇಯ ತುದಿ ದಾಟಿ ಕಣಿವೆಗೆ ಬಿತ್ತು. ಒಳಗಿದ್ದವರು 166 ಮಂದಿ. ಉಳಿದವರು 8. ಸತ್ತವರು 158. ಮಳೆ ಇರಲಿಲ್ಲ, ರನ್‌ವೇ ಒಣಗಿತ್ತು, 6 ಕಿಲೋಮೀಟರ್ ದೂರದವರೆಗೆ ಕಾಣುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ಈಗ ಓದುತ್ತಿರುವ ಹೆಚ್ಚಿನವರು ಆಗ ಇನ್ನೂ ಮಕ್ಕಳು. ಆದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಆ ದಿನವನ್ನು ನೆನಪಿಡದ ಹಿರಿಯರು ಸಿಗಲಿಕ್ಕಿಲ್ಲ.

ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ನೇರ ಕಾರಣವನ್ನು ಸ್ಪಷ್ಟವಾಗಿ ಹೇಳಿತು. ಸಹ ಪೈಲಟ್ ಮೂರು ಸಲ ಮತ್ತೆ ಮೇಲೇರುವಂತೆ ಹೇಳಿದರೂ, ವಿಮಾನದ ಎಚ್ಚರಿಕೆ ಯಂತ್ರ ಕೂಗುತ್ತಿದ್ದರೂ, ಕ್ಯಾಪ್ಟನ್ ಸರಿಯಿಲ್ಲದ ಇಳಿತವನ್ನು ಕೈಬಿಡಲಿಲ್ಲ. ಪ್ರಯಾಣದ ಬಹುಭಾಗ ಅವರು ನಿದ್ರೆಯಲ್ಲಿದ್ದರು. ಎದ್ದ ಮೇಲಿನ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬೇಕು ಎಂದಿತು ವರದಿ. ವಿಮಾನ ನೆಲ ಮುಟ್ಟಿದ್ದು ರನ್‌ವೇ ಶುರುವಾಗಿ ಸುಮಾರು 5200 ಅಡಿ ಕಳೆದ ಮೇಲೆ. ಅಂದರೆ ಮೂರರಲ್ಲಿ ಎರಡು ಭಾಗದಷ್ಟು ರನ್‌ವೇ ಆಗಲೇ ಹಿಂದೆ ಹೋಗಿತ್ತು. ಆಗಲೂ ಪೂರ್ತಿ ಬ್ರೇಕ್ ಒತ್ತಿದ್ದರೆ ರನ್‌ವೇ ಒಳಗೆ ನಿಲ್ಲುತ್ತಿತ್ತು. ಆದರೆ ಕ್ಯಾಪ್ಟನ್ ಕೊನೆ ಗಳಿಗೆಯಲ್ಲಿ ಮತ್ತೆ ಮೇಲೇರಲು ನೋಡಿದರು.

ಇಷ್ಟಕ್ಕೆ ಪತ್ರಿಕೆಯ ಹೆಡ್‌ಲೈನ್ ಮುಗಿಯುತ್ತದೆ. ವರದಿ ಅಲ್ಲಿಗೆ ಮುಗಿಯುವುದಿಲ್ಲ. ಅದು ಪಟ್ಟಿ ಮಾಡಿದ ಪೂರಕ ಕಾರಣಗಳಲ್ಲಿ ಒಂದು, ಕೆಟ್ಟಿದ್ದ ಆ ರೇಡಾರ್. ರೇಡಾರ್ ಇಲ್ಲದ್ದರಿಂದ ವಿಮಾನವನ್ನು ಕೆಳಗಿಳಿಯಲು ಬಿಟ್ಟದ್ದೇ ಮಾಮೂಲಿಗಿಂತ ತಡವಾಗಿ, ಏರ್‌ಪೋರ್ಟಿಗೆ ಹತ್ತಿರ ಬಂದ ಮೇಲೆ. ಹಾಗಾಗಿ ಅದು ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇದರ ಜೊತೆಗೆ ರನ್‌ವೇಯ ತುದಿಯಾಚೆ ಕಾಂಕ್ರೀಟಿನ ಕಟ್ಟೆ ಇತ್ತು. ವಿಮಾನಕ್ಕೆ ದಾರಿ ತೋರಿಸುವ ಐಎಲ್‌ಎಸ್ ಆಂಟೆನಾವನ್ನು ಅದರ ಮೇಲೆ ನಿಲ್ಲಿಸಿದ್ದರು. ವಿಮಾನದ ಬಲ ರೆಕ್ಕೆ ಬಡಿದದ್ದು ಅದಕ್ಕೆ. ರನ್‌ವೇ ಸುತ್ತ ಇರುವ ಇಂಥ ರಚನೆಗಳು ತಾಗಿದರೆ ಪಟ್ಟನೆ ಮುರಿದು ಬೀಳುವಂತಿರಬೇಕು ಎಂಬುದು ನಿಯಮದ ಆಶಯ. ಇದು ಮುರಿಯಲಿಲ್ಲ.

ಯೋಚಿಸಿ. ಟರ್ಮಿನಲ್ ಹೊಳೆಯುತ್ತಿತ್ತು. ರೇಡಾರ್ ನಿಂತಿತ್ತು. ಕಟ್ಟೆ ಗಟ್ಟಿಯಾಗಿತ್ತು. ಈ ಮೂರರಲ್ಲಿ ಊರಿಗೆ ಗೊತ್ತಿದ್ದದ್ದು ಒಂದೇ.

ಹತ್ತನೇ ಕ್ಲಾಸಿನ ಒಂದು ಸೂತ್ರ

ರನ್‌ವೇ ಮುಗಿದ ಮೇಲೆ ಇರಬೇಕಾದ ಜಾಗಕ್ಕೆ ರನ್‌ವೇ ಎಂಡ್ ಸೇಫ್ಟಿ ಏರಿಯಾ ಎನ್ನುತ್ತಾರೆ. ಚಿಕ್ಕದಾಗಿ ರೆಸಾ. ವಿಮಾನ ನಿಲ್ಲದೆ ಮುಂದೆ ಹೋದರೆ ಅದನ್ನು ಹಿಡಿದುಕೊಳ್ಳುವ ನೆಲ ಅದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪ್ರಕಾರ ನಮ್ಮಂಥ ರನ್‌ವೇಗಳಿಗೆ ಕನಿಷ್ಠ 90 ಮೀಟರ್ ಕಡ್ಡಾಯ, 240 ಮೀಟರ್ ಇದ್ದರೆ ಒಳ್ಳೆಯದು ಎಂಬುದು ಶಿಫಾರಸು. ಅಪಘಾತದ ದಿನ ಇಲ್ಲಿ ಇದ್ದದ್ದು 90. ಅಂದರೆ ನಿಯಮ ಪಾಲನೆಯಾಗಿತ್ತು. ಪಾಸ್ ಮಾರ್ಕ್ ಇತ್ತು.

90ಕ್ಕೂ 240ಕ್ಕೂ ವ್ಯತ್ಯಾಸ ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. ಹತ್ತನೇ ಕ್ಲಾಸಿನ ಹೊತ್ತಿಗೆ ಬಾಯಿಪಾಠ ಆಗಿರುವ ಸೂತ್ರ ಸಾಕು: ವೇಗದ ವರ್ಗ ಎಂದರೆ ವೇಗ ಇಳಿಯುವ ದರ ಮತ್ತು ದೂರದ ಗುಣಲಬ್ಧದ ಎರಡರಷ್ಟು. ಬ್ರೇಕಿನಿಂದ ವೇಗ ಪ್ರತಿ ಸೆಕೆಂಡಿಗೆ 3 ಮೀಟರ್ ಪ್ರತಿ ಸೆಕೆಂಡಿನಂತೆ ಇಳಿಯುತ್ತದೆ ಅಂದುಕೊಳ್ಳಿ. 90 ಮೀಟರಿನಲ್ಲಿ ನಿಲ್ಲಿಸಬಹುದಾದ ವೇಗ ಗಂಟೆಗೆ ಸುಮಾರು 84 ಕಿಲೋಮೀಟರ್. 240 ಮೀಟರಿನಲ್ಲಿ ಸುಮಾರು 137. ಈ ಎರಡರ ನಡುವಿನ ವೇಗದಲ್ಲಿ ತುದಿ ದಾಟುವ ವಿಮಾನಕ್ಕೆ ಉಳಿದ 150 ಮೀಟರ್ ನೆಲ ಎಂದರೆ ಬದುಕು, ಸಾವಿನ ಅಂತರ. ಬಯಲಿನ ಏರ್‌ಪೋರ್ಟ್‌ನಲ್ಲಿ ಅದು ದಾಟಿದರೆ ಗದ್ದೆಯಲ್ಲಿ ಹೂತುಕೊಳ್ಳುತ್ತದೆ. ಟೇಬಲ್‌ಟಾಪ್‌ನಲ್ಲಿ ಅದರಾಚೆಗೆ ಗಾಳಿ.

ಹಾಗಾದರೆ 240 ಮೀಟರ್ ಮಾಡಿದರೆ ಆಯಿತಾ? ಅಷ್ಟು ಸುಲಭವೂ ಅಲ್ಲ. ನಮ್ಮ ಪಕ್ಕದ ಕರಿಪುರ ನೋಡಿ, ಕೋಯಿಕ್ಕೋಡಿನ ಏರ್‌ಪೋರ್ಟ್. ಅದೂ ಟೇಬಲ್‌ಟಾಪ್. ಅಲ್ಲಿ ರನ್‌ವೇಯನ್ನೇ ಸ್ವಲ್ಪ ಕಡಿಮೆ ಮಾಡಿ 240 ಮೀಟರ್ ರೆಸಾ ಮಾಡಿದ್ದರು. 2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನ ಆ ರೆಸಾವನ್ನೂ ದಾಟಿ ಕೆಳಗೆ ಬಿದ್ದು ಮೂರು ತುಂಡಾಯಿತು. 21 ಮಂದಿ ಸತ್ತರು. ಬರೀ ಉದ್ದ ಸಾಲದು, ಆ ನೆಲ ವಿಮಾನವನ್ನು ಹಿಡಿಯುವಂತಿರಬೇಕು ಎನ್ನುವುದು ಅಲ್ಲಿನ ಪಾಠ.

ಹಿಡಿಯುವ ನೆಲ ಎಂಬುದು ಕನಸಲ್ಲ, ಅದು ಈಗಾಗಲೇ ಇರುವ ತಂತ್ರಜ್ಞಾನ. ಇಮಾಸ್ ಎನ್ನುತ್ತಾರೆ. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಬ್ಲಾಕ್‌ಗಳನ್ನು ರನ್‌ವೇಯ ತುದಿಯಾಚೆ ಹಾಸುತ್ತಾರೆ. ಚಕ್ರ ಹತ್ತಿದ ಕೂಡಲೇ ಬ್ಲಾಕ್ ಪುಡಿಯಾಗುತ್ತದೆ, ಚಕ್ರ ಹೂಳುತ್ತದೆ, ವಿಮಾನದ ಚಲನ ಶಕ್ತಿಯೆಲ್ಲ ಆ ಪುಡಿಯಾಗುವಿಕೆಯಲ್ಲಿ ಕರಗುತ್ತದೆ. ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ನುಗ್ಗುವ ವಿಮಾನವನ್ನು ನಿಲ್ಲಿಸುವ ಲೆಕ್ಕದಲ್ಲಿ ಅಮೆರಿಕದಲ್ಲಿ ಇದನ್ನು ವಿನ್ಯಾಸ ಮಾಡುತ್ತಾರೆ. ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ ಊರಿನ ಯೇಗರ್ ಏರ್‌ಪೋರ್ಟ್ ನಮ್ಮದರ ಹಾಗೆಯೇ ಗುಡ್ಡದ ತಲೆ ಕಡಿದು ಮಾಡಿದ್ದು. 2010ರ ಜನವರಿ 19ರಂದು ಅಲ್ಲಿ ಟೇಕಾಫ್ ಕೈಬಿಟ್ಟ ಒಂದು ಪುಟ್ಟ ಜೆಟ್ ರನ್‌ವೇ ದಾಟಿ ಹೋಯಿತು. ಒಳಗೆ 34 ಮಂದಿ. ಇಮಾಸ್ ಅದನ್ನು ಹಿಡಿದು ನಿಲ್ಲಿಸಿತು. ಯಾರಿಗೂ ಗಾಯವಾಗಲಿಲ್ಲ. ಅದಾಗಿ ನಾಲ್ಕು ತಿಂಗಳಿಗೆ ಮಂಗಳೂರಿನ ದುರಂತ.

ಸಿವಿಲ್‌ನವರು ಯೇಗರಿನ ಕತೆಯ ಎರಡನೇ ಭಾಗವನ್ನೂ ಕೇಳಬೇಕು. 2015ರ ಮಾರ್ಚ್‌ನಲ್ಲಿ ಆ ಇಮಾಸ್ ಹೊತ್ತಿದ್ದ ತುಂಬು ಮಣ್ಣಿನ ಇಳಿಜಾರೇ ಕುಸಿದು ಕಣಿವೆಗೆ ಜಾರಿತು. ಗುಡ್ಡದ ತುದಿಗೆ ಮಣ್ಣು ತುಂಬಿಸಿ ಜಾಗ ಮಾಡಿಕೊಂಡರೆ ಸಾಲದು, ಆ ಮಣ್ಣು ನೀರನ್ನು ಹೇಗೆ ಬಿಟ್ಟುಕೊಡುತ್ತದೆ ಎಂದು ಪ್ರತಿ ಮಳೆಗಾಲವೂ ನೋಡುತ್ತಿರಬೇಕು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

"ಪೈಲಟ್‌ದೇ ತಪ್ಪಲ್ವಾ?"

ಈ ವಿಷಯ ಎತ್ತಿದಾಗೆಲ್ಲ ಮೊದಲು ಬರುವ ಮಾತು ಇದು. ತಪ್ಪು ಪೈಲಟ್‌ನದ್ದು, ಅದಕ್ಕೆ ಏರ್‌ಪೋರ್ಟ್ ಎಂತ ಮಾಡಬೇಕು? ತಪ್ಪು ಅವರದ್ದೇ, ಸಂಶಯ ಇಲ್ಲ. ಆದರೆ ಇಂಜಿನಿಯರಿಂಗ್ ಎಂದರೆ ಮನುಷ್ಯ ತಪ್ಪು ಮಾಡುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ಮಾಡುವ ಕೆಲಸ. ಮನೆಯಲ್ಲಿ ಎಂಸಿಬಿ ಯಾಕೆ ಹಾಕುತ್ತೇವೆ? ಘಾಟಿಯ ತಿರುವಿನಲ್ಲಿ ತಡೆಗೋಡೆ ಯಾಕೆ? ಡ್ರೈವರ್ ಸರಿಯಾಗಿ ಓಡಿಸಿದರೆ ತಡೆಗೋಡೆ ಬೇಡವೇ ಬೇಡ. ಒಬ್ಬನ ನಿದ್ದೆಗಣ್ಣಿನ ತಪ್ಪಿಗೆ ಹಿಂದೆ ಕೂತ 150 ಮಂದಿ ಬೆಲೆ ಕೊಡಬಾರದು ಎಂದೇ ಅದನ್ನು ಕಟ್ಟುವುದು. ಒಂದು ತಪ್ಪು ಅಪಘಾತವಾಗಬಹುದು. ಆ ಅಪಘಾತ ದುರಂತವಾಗದಂತೆ ನೋಡಿಕೊಳ್ಳುವುದು ವಿನ್ಯಾಸದ ಹೊಣೆ.

ಎರಡನೇ ಮಾತು, ಸುಮ್ಮನೆ ಹೆದರಿಸಬೇಡಿ, ದಿನಾ ಇಷ್ಟು ವಿಮಾನ ಇಳಿಯುತ್ತವಲ್ಲ ಅಂತ. ನಿಜ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಂದಿ ಇಲ್ಲಿ ಹಾರಿ ಇಳಿಯುತ್ತಾರೆ. ಟೇಬಲ್‌ಟಾಪ್ ಎಂದ ಮಾತ್ರಕ್ಕೆ ಅಪಾಯ ಎಂದರ್ಥವಲ್ಲ. ಒಳ್ಳೆಯ ಕೆಲಸವೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 2023ರ ಜನವರಿಯಿಂದ ತಿಂಗಳುಗಟ್ಟಲೆ ಹಗಲು ಹೊತ್ತು ವಿಮಾನ ಸಂಚಾರ ನಿಲ್ಲಿಸಿ, ಕಾಂಕ್ರೀಟ್ ರನ್‌ವೇಯ ಮೇಲೆ ಡಾಂಬರಿನ ಹೊಸ ಪದರ ಹಾಕಿದರು. ಮಂಜು, ಮಳೆಯಲ್ಲಿ ಪೈಲಟ್‌ಗೆ ದಾರಿ ಕಾಣುವಂತೆ ರನ್‌ವೇಯ ಮಧ್ಯಗೆರೆಗೆ ದೀಪ ಹಾಕುವ ಕೆಲಸವನ್ನೂ ಅದರ ಜೊತೆ ಕೈಗೆತ್ತಿಕೊಂಡರು. ಆಗ ನಾವು ಮಾಡಿದ್ದು ಎಂತ? ಬೆಂಗಳೂರಿಗೆ ಮಧ್ಯಾಹ್ನದ ಫ್ಲೈಟ್ ಇಲ್ಲ ಅಂತ ಗೊಣಗಿದ್ದು. ಇಡೀ ಏರ್‌ಪೋರ್ಟಿನ ಅತಿ ದೊಡ್ಡ ಸೌಲಭ್ಯಕ್ಕೆ ರಿಪೇರಿ ನಡೆಯುತ್ತಿತ್ತು, ನಮಗೆ ಅದು ಅನಾನುಕೂಲ ಮಾತ್ರ ಆಗಿ ಕಂಡಿತು.

ಮೂರನೇ ಮಾತು ಗಟ್ಟಿಯಾದದ್ದು: ಜಾಗ ಎಲ್ಲಿಂದ? ಉದ್ದ ಬೇಕು, ಅಗಲ ಬೇಕು ಅಂದರೆ ಕೆಂಜಾರು, ಬಜ್ಪೆ ಸುತ್ತಿನವರ ಮನೆ, ಅಡಿಕೆ ತೋಟ ಹೋಗಬೇಕು. ಆಗಲೇ ಜಾಗ ಬಿಟ್ಟುಕೊಟ್ಟ ಊರುಗಳು ಅವು. 2010ರ ಆ ಬೆಳಿಗ್ಗೆ ಮೊದಲು ಓಡಿಬಂದು, ಬೆಂಕಿ ಹೊಗೆಯ ನಡುವೆ ಇಳಿದವರೂ ಅದೇ ಊರಿನವರು. ಸುರಕ್ಷತೆಯ ಹೆಸರು ಹೇಳಿ ಮತ್ತೆ ಅವರನ್ನೇ ಒಕ್ಕಲೆಬ್ಬಿಸುವುದಾದರೆ ಸರಿಯಾದ ಪರಿಹಾರ, ಸರಿಯಾದ ಮಾತುಕತೆ ಮೊದಲು ಆಗಬೇಕು. ಇಮಾಸ್‌ನಂಥ ವ್ಯವಸ್ಥೆಯ ದೊಡ್ಡ ಗುಣವೇ ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಮಾಡುವುದು. ಖರ್ಚು ಜಾಸ್ತಿ, ಹೌದು. ಆದರೆ 2020ರ ಅಕ್ಟೋಬರ್ 31ರಿಂದ ಈ ನಿಲ್ದಾಣ 50 ವರ್ಷದ ಗುತ್ತಿಗೆಯ ಮೇಲೆ ಅದಾನಿ ಸಮೂಹದ ಕೈಯಲ್ಲಿದೆ. 50 ವರ್ಷದ ಲಾಭ ಲೆಕ್ಕ ಹಾಕುವವರು 50 ವರ್ಷದ ಸುರಕ್ಷತೆಯನ್ನೂ ಲೆಕ್ಕ ಹಾಕಲಿ. ಹಣ ಸುರಿಯುವ ಸರದಿಯಲ್ಲಿ ಹೊಸ ಅಂಗಡಿ ಸಾಲಿಗಿಂತ ಮೊದಲು ರನ್‌ವೇ ತುದಿ ಬರಲಿ.

ಕಾಣದ್ದನ್ನು ಕೇಳುವುದು

ಕೊಟ್ಟಾರದವರಿಗೆ ಈ ಕಾಣುವ, ಕಾಣದ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೌಕಿಯಲ್ಲಿ ಹೆದ್ದಾರಿ ಅಗಲವಾಯಿತು, ಮೇಲೆ ಫ್ಲೈಓವರ್ ಬಂತು. ಜೋರು ಮಳೆ ಒಂದು ಗಂಟೆ ಹೊಡೆದರೆ ಕೆಳಗಿನ ರಸ್ತೆ ಹೊಳೆ. ಫ್ಲೈಓವರ್ ಎಲ್ಲರಿಗೂ ಕಾಣುತ್ತದೆ, ತೋಡು ಕಾಣುವುದಿಲ್ಲ. ಮರವೂರಿನ ಸೇತುವೆಯ ಕಂಬವೂ ಹಾಗೆಯೇ. 2021ರ ಜೂನ್‌ನಲ್ಲಿ ಅದು ಕುಸಿದು ವಿಮಾನ ನಿಲ್ದಾಣದ ಮುಖ್ಯ ರಸ್ತೆಯೇ ಬಂದ್ ಆಗುವವರೆಗೆ ಅದರ ಬಗ್ಗೆ ಊರಿನಲ್ಲಿ ಮಾತಿರಲಿಲ್ಲ. ಮೇಲೆ ಗುಡ್ಡದಲ್ಲಿ ಅಂತರರಾಷ್ಟ್ರೀಯ ನಿಲ್ದಾಣ, ಕೆಳಗೆ ಹೊಳೆಯಲ್ಲಿ ಕುಸಿದ ಕಂಬ. ಏರ್‌ಪೋರ್ಟಿನಲ್ಲಿ ಅನಾಹುತವಾದರೆ ನಗರದ ಆಸ್ಪತ್ರೆಗಳಿಂದ ಆಂಬುಲೆನ್ಸ್ ಹೋಗಬೇಕಾದ ನೇರ ದಾರಿಯೂ ಅದೇ ಅಲ್ವಾ?

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಗೋಖಲೆ ವರದಿಯಲ್ಲಿ ಶಿಫಾರಸುಗಳ ಒಂದು ಪಟ್ಟಿ ಉಂಟು. ರನ್‌ವೇಯಾಚೆಯ ನೆಲ ಇಳಿಜಾರಾಗಿರಬಾರದು, ಅಲ್ಲಿನ ರಚನೆಗಳು ಸುಲಭವಾಗಿ ಮುರಿಯುವಂತಿರಬೇಕು, ಟೇಬಲ್‌ಟಾಪ್ ರನ್‌ವೇಗಳಿಗೆ ವಿಮಾನವನ್ನು ಹಿಡಿದು ನಿಲ್ಲಿಸುವ ನೆಲ ಬೇಕು, ಇನ್ನೆಷ್ಟು ರನ್‌ವೇ ಉಳಿದಿದೆ ಎಂದು ಪೈಲಟ್‌ಗೆ ಕಾಣುವ ಗುರುತು ಬೇಕು. ಈ ಪಟ್ಟಿಯ ಒಂದೊಂದರ ಮುಂದೆ ಆಗಿದೆ, ಆಗಿಲ್ಲ, ಯಾವಾಗ ಆಗುತ್ತದೆ ಎಂದು ನಿಲ್ದಾಣದವರು ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಹಾಕಬೇಕು. ಟರ್ಮಿನಲ್‌ನೊಳಗೆ ಜಾಹೀರಾತಿಗೆ ಇರುವ ಗೋಡೆಗಳಲ್ಲಿ ಒಂದು ಗೋಡೆ ಇದಕ್ಕೆ ಸಾಕು.

ನಮ್ಮ ಪಾಲಿನ ಕೆಲಸವೂ ಉಂಟು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಟಾಪಿಕ್ ಸಿಗುವುದಿಲ್ಲ ಅಂತ ಸೀನಿಯರ್‌ಗಳ ಹಳೆ ರಿಪೋರ್ಟ್ ಹುಡುಕುತ್ತಾ ಕೂರುವ ಬದಲು ಹತ್ತು ಕಿಲೋಮೀಟರ್ ಆಚೆ ನೋಡಿ. ಸಿವಿಲ್‌ನವರಿಗೆ ಮಳೆಗಾಲದಲ್ಲಿ ಮುರಕಲ್ಲಿನ ತುಂಬು ಮಣ್ಣಿನ ವರ್ತನೆ ಇದೆ. ಮೆಕ್ಯಾನಿಕಲ್‌ನವರಿಗೆ ನಮ್ಮಲ್ಲೇ ಸಿಗುವ ಸಾಮಗ್ರಿಯಿಂದ ಕಡಿಮೆ ಖರ್ಚಿನಲ್ಲಿ ಪುಡಿಯಾಗುವ ಬ್ಲಾಕ್ ಮಾಡುವ ಪ್ರಶ್ನೆ ಇದೆ. ಎಲೆಕ್ಟ್ರಾನಿಕ್ಸ್‌ನವರಿಗೆ ಒಂದು ರೇಡಾರ್ ನಿಂತರೆ ಬದಲಿ ಎಂತ ಎಂಬ ಪ್ರಶ್ನೆ ಇದೆ. ಪ್ಲೇಸ್‌ಮೆಂಟ್ ಆಗಿ ಇಲ್ಲಿಂದಲೇ ವಿಮಾನ ಹತ್ತುವವರು ನಾವು. ಹತ್ತುವ ಮೊದಲು ಇಷ್ಟಾದರೂ ಕೇಳಿರೋಣ.

ಕೂಳೂರಿನ ಬಳಿ ಫಲ್ಗುಣಿ ತೀರದಲ್ಲಿ ಆ 158 ಮಂದಿಯ ಸ್ಮಾರಕ ಉದ್ಯಾನ ಇದೆ. ಯಾರದ್ದೆಂದು ಗುರುತು ಸಿಗದೆ ಉಳಿದ ದೇಹಗಳಿಗೆ ಕೊನೆಯ ಜಾಗ ಸಿಕ್ಕಿದ್ದು ಅಲ್ಲೇ. ಪ್ರತಿ ಮೇ 22ರಂದು ಜಿಲ್ಲಾಡಳಿತದವರು ಬಂದು ಹೂವಿಟ್ಟು, ಮೌನ ಆಚರಿಸಿ ಹೋಗುತ್ತಾರೆ. ಹೂವಿಡಲಿ, ಮೌನವೂ ಇರಲಿ. ಮೌನ ಮುಗಿದ ಮೇಲೆ ಆ ಪಟ್ಟಿಯನ್ನು ಅಲ್ಲೇ ಗಟ್ಟಿಯಾಗಿ ಓದಲಿ, ಒಂದೊಂದೇ ಸಾಲು, ಆಗಿದೆ, ಆಗಿಲ್ಲ ಅಂತ. ಕೇಳಲಿಕ್ಕೆ ನಾವೂ ಹೋಗೋಣ. ಕೊಟ್ಟಾರದಿಂದ ಬಸ್ಸಿನಲ್ಲಿ ಕೆಲವೇ ನಿಮಿಷ.